ನಾಲ್ಕನೆಯ ಪೆಟ್ಟು

‘ನೀಲಿ ನೊರೆ’ ಬ್ಯಾಂಡಿನ ಚರಿತ್ರೆ ಬರೆಯುತ್ತೇನೆಂದು ಯಾರಾದರೂ ಕೂತರೆ ಒಂದು ಪುಟ ತುಂಬಿಸುವಷ್ಟರಲ್ಲಿ ಬೆವರಿಳಿದೀತು. ಒಂದು ಚಳಿಗಾಲದಲ್ಲಿ ಹುಟ್ಟಿದ ಬ್ಯಾಂಡು ಅದು. ಬೇಸಿಗೆ ಮುಗಿಯುವ ಮೊದಲೇ ಕಣ್ಣು ಮುಚ್ಚಿತು. ಒಂದೇ ಒಂದು ಕಾರ್ಯಕ್ರಮ ಕೊಟ್ಟಿತು, ಅದನ್ನೂ ಪೂರ್ತಿ ಕೊಡಲಿಲ್ಲ. ಕ್ಯಾಸೆಟ್ಟು ತರಲಿಲ್ಲ, ಪೋಸ್ಟರು ಅಂಟಿಸಲಿಲ್ಲ. ಅಭಿಮಾನಿಗಳು ಯಾರಾದರೂ ಇದ್ದಿದ್ದರೆ ಅವರು ಈವರೆಗೂ ಮುಂದೆ ಬಂದು ಒಪ್ಪಿಕೊಂಡಿಲ್ಲ. ಆದರೂ ಆ ನಾಲ್ವರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಈ ಊರಿನಲ್ಲಿ ರಾಕ್ ಸಂಗೀತ ಅಂತ ಏನಾದರೂ ಇದ್ದರೆ ಅದನ್ನು ಶುರು ಮಾಡಿದ್ದೇ ತಾವು ಎಂದು ಎದೆ ತಟ್ಟಿ ಹೇಳುತ್ತಾರೆ. ಹೇಳಲಿ ಬಿಡಿ, ಅಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿಗಳೂ ಇಲ್ಲ.

ತಮ್ಮದು ಅಂಡರ್‌ಗ್ರೌಂಡ್ ಬ್ಯಾಂಡ್ ಎಂದು ಅವರಿಗೆ ಬಲು ಹೆಮ್ಮೆ. ಅದರಲ್ಲಂತೂ ಎಳ್ಳಷ್ಟೂ ಸುಳ್ಳಿರಲಿಲ್ಲ. ಅವರು ಬಾರಿಸುತ್ತಿದ್ದುದು ಒಂದು ಲಾಂಡ್ರಿಯ ನೆಲಮಾಳಿಗೆಯಲ್ಲಿ. ಮೇಲೆ ಅಂಗಡಿ, ಗಾಜಿನ ಬಾಗಿಲು, ಮರದ ಕೌಂಟರು, ಚೀಟಿ ಅಂಟಿಸಿಕೊಂಡು ಸಾಲಾಗಿ ತೂಗುವ ಕೋಟುಗಳು. ಕೌಂಟರಿನ ಹಿಂದಿನ ಕಡಿದಾದ ಮೆಟ್ಟಿಲು ಇಳಿದರೆ ಒದ್ದೆ ಸಿಮೆಂಟು, ಸೋಪಿನ ವಾಸನೆ, ಗೋಡೆಗುಂಟ ಹಬೆಯ ಪೈಪುಗಳು. ಅಲ್ಲಿ ಹಾಡಿದರೆ ಸ್ವರಕ್ಕೆ ಮೊದಲು ಬೆವರು ಬರುತ್ತಿತ್ತು.

ಲಾಂಡ್ರಿಯವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹಾಡುತ್ತಿದ್ದಳು. ಚಿಕ್ಕವಳು ಡ್ರಮ್ಮು ಬಾರಿಸುತ್ತಿದ್ದಳು. ಡ್ರಮ್ಮು ಎಂದರೆ ಸೋಪಿನ ಪುಡಿ ಬರುತ್ತಿದ್ದ ದಪ್ಪ ಡಬ್ಬಗಳು, ಬೋರಲು ಹಾಕಿದ್ದು. ಕಿತ್ತುಹೋದ ಅಂಗಿಯ ಗುಂಡಿಗಳನ್ನು ಹೊಲಿದು ಕೂಡಿಸುವುದು ಚಿಕ್ಕಂದಿನಿಂದ ಅವಳ ಕೆಲಸವಾದ್ದರಿಂದ ಮನೆಯಲ್ಲಿ ಅವಳಿಗೆ ಗುಂಡಿ ಎಂದೇ ಹೆಸರು. ಈಗ ಐವತ್ತು ದಾಟಿ, ಅಂಗಡಿಗೆ ಯಜಮಾನಿಯಾಗಿ ಕೂತ ಮೇಲೂ ಅಕ್ಕನ ಬಾಯಲ್ಲಿ ಗುಂಡಿಯೇ. ಇನ್ನಿಬ್ಬರಲ್ಲಿ ಗಿಟಾರಿನವನು ಹಲ್ಲಿನ ಡಾಕ್ಟರ ಹತ್ತಿರ ಹಲ್ಲುಸೆಟ್ಟು ತಯಾರಿಸುತ್ತಿದ್ದ. ಅವನನ್ನು ದವಡೆ ಎಂದು ಕರೆಯುತ್ತಿದ್ದರು. ಬೇಸ್ ಗಿಟಾರಿನವನು ಲಿಫ್ಟ್ ರಿಪೇರಿ ಮಾಡುವವನು, ಎಲ್ಲರಿಗಿಂತ ನಾಲ್ಕಾರು ವರ್ಷ ದೊಡ್ಡವನು, ಆದ್ದರಿಂದ ಲಿಫ್ಟಣ್ಣ.

ಆದರೆ ಆ ನೆಲಮಾಳಿಗೆಯ ನಿಜವಾದ ಯಜಮಾನಿ ಬೇರೆಯೇ ಇದ್ದಳು. ಮುಚ್ಚಿಹೋದ ಯಾವುದೋ ಆಸ್ಪತ್ರೆಯಿಂದ ಅಪ್ಪ ತಂದ ಒಗೆಯುವ ಯಂತ್ರ. ಮೂವರು ಒಳಗೆ ಕೂತು ಇಸ್ಪೀಟು ಆಡಬಹುದಾದಷ್ಟು ದೊಡ್ಡ ಹೊಟ್ಟೆ. ಅಪ್ಪ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದರು, ಮತ್ತು ನಿಜವಾದ ದೊಡ್ಡಮ್ಮ ಮನೆಗೆ ಬಂದಾಗ ಮಾತ್ರ ಮರೆಯದೆ ‘ಮೆಷಿನ್’ ಎನ್ನಬೇಕೆಂದು ಎಲ್ಲರಿಗೂ ತಾಕೀತು ಮಾಡಿದ್ದರು. ದೊಡ್ಡಮ್ಮ ತಿರುಗುವಾಗ ಒದ್ದೆ ಬಟ್ಟೆಯ ಗಂಟು ಮೇಲಿಂದ ಬಿದ್ದಾಗಲೆಲ್ಲ ಧಬ್ ಎನ್ನುತ್ತಿದ್ದಳು. ಮೂರು ಸಲ ಒಂದೇ ಸಮನೆ ಧಬ್, ಧಬ್, ಧಬ್. ನಾಲ್ಕನೆಯ ಸಲಕ್ಕೆ ಬೆಲ್ಟಿನ ಹೊಲಿಗೆ ರಾಟೆಯ ಮೇಲೆ ಬಂದು ಒಂಚೂರು ಜಾರಿ, ಪೆಟ್ಟು ತುಸು ತಡವಾಗುತ್ತಿತ್ತು. ಒಂದು ಕಾಲು ಎಳೆದು ನಡೆಯುವವರ ನಡಿಗೆ ಅದು. ಅಪ್ಪ ಎರಡು ಸಲ ಬೆಲ್ಟು ಬದಲಿಸಿದರೂ ಆ ಕುಂಟು ಹೋಗಲಿಲ್ಲ. ಆಮೇಲೆ ಯಾರೂ ಅದನ್ನು ಗಮನಿಸುವುದನ್ನೇ ಬಿಟ್ಟರು.

ಬ್ಯಾಂಡಿಗೆ ಜಾಗ ಕೊಟ್ಟಾಗ ಅಪ್ಪ ಹಾಕಿದ್ದು ಒಂದೇ ಷರತ್ತು. ದೊಡ್ಡಮ್ಮ ತಿರುಗುತ್ತಿರುವಾಗ ಮಾತ್ರ ಬಾರಿಸಬೇಕು; ಅವಳು ನಿಂತರೆ ಇವರೂ ತೆಪ್ಪಗಿರಬೇಕು. ಮೇಲೆ ಗಿರಾಕಿಗಳು ಬರುವ ಜಾಗ, ಇದು ಲಾಂಡ್ರಿಯೋ ಹುಚ್ಚರ ಸಂತೆಯೋ ಎಂದು ಅವರಿಗೆ ಅನುಮಾನ ಬರಬಾರದಲ್ಲ. ದೊಡ್ಡಮ್ಮನ ಸದ್ದಿನಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆಂಬುದು ಅಪ್ಪನ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು. ಅಕ್ಕ ಮೊದಲ ಸಲ ತಾರಕಕ್ಕೆ ಏರಿದ ದಿನ ಗಿರಾಕಿಯೊಬ್ಬರು ಕೌಂಟರಿನ ಮೇಲೆ ಬಾಗಿ, ನಿಮ್ಮ ಮೆಷಿನ್ ಬಹಳ ಕಿರುಚುತ್ತಿದೆ, ಎಣ್ಣೆ ಬಿಡಿಸಿ ಎಂದು ಸಲಹೆ ಕೊಟ್ಟು ಹೋದರು. ಅಪ್ಪ ಆ ಮಾತನ್ನು ರಾತ್ರಿ ಊಟಕ್ಕೆ ಕೂತಾಗ ಗಂಭೀರವಾಗಿ ಮಗಳಿಗೆ ತಲುಪಿಸಿದರು.

ಬ್ಯಾಂಡಿನ ಹಾಡುಗಳನ್ನು ಬರೆದವನು ದವಡೆ. ಅಂಗಡಿಯ ಗಾಜಿನ ಬಾಗಿಲ ಮೇಲೆ ‘ತಳ್ಳಬೇಡಿ, ಎಳೆಯಿರಿ’ ಎಂಬ ಬೋರ್ಡಿತ್ತು. ಬಂದವರೆಲ್ಲ ಅದನ್ನು ತಪ್ಪದೆ ಓದಿ, ತಪ್ಪದೆ ತಳ್ಳುತ್ತಿದ್ದರು. ಅದೇ ಮೊದಲ ಹಾಡಾಯಿತು. ಅದರಲ್ಲಿ ಇಡೀ ಸಮಾಜದ ಮೇಲಿನ ಸಿಟ್ಟಿದೆ ಎಂದು ದವಡೆ ವಾದಿಸುತ್ತಿದ್ದ. ಅಪ್ಪನ ಪ್ರಕಾರ ಅದರಲ್ಲಿದ್ದದ್ದು ಬಾಗಿಲಿನ ಬೋರ್ಡು. ಏನೇ ಇರಲಿ, ಅಕ್ಕ ಕಣ್ಣು ಮುಚ್ಚಿ ‘ಎಳೆಯಿರಿ’ ಎಂದು ಎಳೆದಾಗ ಹಿಂದೆ ಕೂತ ಗುಂಡಿಗೆ ಬೆನ್ನು ಝುಮ್ಮೆನ್ನುತ್ತಿತ್ತು. ಅಂಥ ಹೊತ್ತಿನಲ್ಲಿ ತನ್ನ ಕೈ ತಾನಾಗಿ ಓಡುತ್ತದೆ, ತಾನು ಸುಮ್ಮನೆ ಅದರ ಹಿಂದೆ ಹೋಗುತ್ತಿದ್ದೇನೆ ಎಂದು ಅವಳಿಗೆ ಅನಿಸುತ್ತಿತ್ತು. ಅಷ್ಟು ಸುಖ ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ.

ಬೇಸಿಗೆಯಲ್ಲಿ ಸೈಕಲ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಾಡಲು ಕರೆ ಬಂತು. ಡಬ್ಬಗಳನ್ನು ಹೊತ್ತುಕೊಂಡು ಹೋದರೆ ಮರ್ಯಾದೆ ಇರುವುದಿಲ್ಲವೆಂದು ಬಾಡಿಗೆಗೆ ನಿಜವಾದ ಡ್ರಮ್ ಸೆಟ್ಟು ತರಿಸಿದರು. ಊಟದ ಮೇಜುಗಳನ್ನು ಬದಿಗೆ ಸರಿಸಿ ಕಾರ್ಮಿಕರು ನಿಂತಿದ್ದರು. ಹಾಡು ಶುರುವಾಯಿತು. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲಿಗೆ ದವಡೆ ಮುಂದೆ ಓಡಿದ, ಲಿಫ್ಟಣ್ಣ ಹಿಂದೆ ಉಳಿದ, ಅಕ್ಕ ಇಬ್ಬರ ನಡುವೆ ಸಿಕ್ಕಿಬಿದ್ದಳು. ಗುಂಡಿ ಓಡುವವನನ್ನು ಹಿಡಿಯಲು ಹೋದರೆ ಹಿಂದಿದ್ದವನು ತಪ್ಪುತ್ತಿದ್ದ, ಹಿಂದಿದ್ದವನಿಗೆ ಕಾದರೆ ಅಕ್ಕ ಮುಗ್ಗರಿಸುತ್ತಿದ್ದಳು. ಮೂರನೆಯ ಸಾಲಿನಲ್ಲಿ ಅಕ್ಕ ಹಾಡುವುದನ್ನು ನಿಲ್ಲಿಸಿ ಹಿಂತಿರುಗಿ ನೋಡಿದಳು. ಹಿಂದಿನ ಬೆಂಚಿನಿಂದ ಯಾರೋ ಪುಣ್ಯಾತ್ಮರು ಕನಿಕರದಿಂದ ಚಪ್ಪಾಳೆ ತಟ್ಟಿದರು. ಬೈದಿದ್ದರೆ ಅದಕ್ಕಿಂತ ಎಷ್ಟೋ ವಾಸಿಯಿತ್ತು.

ಎಲ್ಲರೂ ವ್ಯಾನಿನಲ್ಲಿ ವಾಪಸು ಹೊರಟರು. ಅಂಗಡಿ ಹತ್ತಿರ ಬಂದಾಗ ಅಕ್ಕ ತಂಗಿಯ ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು: “ನಿನ್ನ ಕೈಗೆ ತಾಳ ಇಲ್ಲ ಕಣೇ ಗುಂಡಿ. ನಿನ್ನ ತಪ್ಪಲ್ಲ ಅದು. ಇಲ್ಲ, ಅಷ್ಟೆ.”

ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಹೇಳಿದ್ದು ಪ್ರೀತಿಯಿಂದ. ಗುಂಡಿ ತಲೆಯಾಡಿಸಿದಳು. ಬ್ಯಾಂಡು ಮುರಿಯಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ವಾರ ಯಾರೂ ಮೆಟ್ಟಿಲಿಳಿದು ಬರಲಿಲ್ಲ, ಅಷ್ಟೆ.

ಹಾಗೆಂದು ಯಾರ ಬದುಕೂ ನಿಲ್ಲಲಿಲ್ಲ. ಅಕ್ಕನಿಗೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುವ ಕೆಲಸ ಸಿಕ್ಕಿತು. ಸಮಾಜದ ಮೇಲೆ ಕಿರುಚುತ್ತಿದ್ದ ಗಂಟಲು ‘ಪ್ರಯಾಣಿಕರ ಗಮನಕ್ಕೆ’ ಎನ್ನಲು ಒಗ್ಗಿಕೊಂಡಿತು. ಊರಿನವರೆಲ್ಲ ಅವಳ ದನಿ ಗುರುತಿಸುತ್ತಿದ್ದರು, ಮುಖ ಕಂಡವರು ಕಡಿಮೆ. ದವಡೆ ಸ್ವಂತ ಹಲ್ಲುಗಳನ್ನೆಲ್ಲ ಉದುರಿಸಿಕೊಂಡು, ತಾನೇ ಮಾಡಿದ ಸೆಟ್ಟು ಹಾಕಿಕೊಂಡು, ಅದನ್ನೇ ಜಾಹೀರಾತಿನಂತೆ ಎಲ್ಲರಿಗೂ ತೋರಿಸಿ ನಗುತ್ತಿದ್ದ. ಲಿಫ್ಟಣ್ಣ ಊರಿನ ಲಿಫ್ಟುಗಳನ್ನೆಲ್ಲ ಹತ್ತಿಸಿ ಇಳಿಸಿ ಅಜ್ಜನಾದ. ಗುಂಡಿ ಕನ್ನಡಕದ ಗಾಜು ಉಜ್ಜುವವನೊಬ್ಬನನ್ನು ಮದುವೆಯಾಗಿ, ಅಪ್ಪನ ನಂತರ ಅಂಗಡಿ ನೋಡಿಕೊಂಡಳು. ಆಸ್ಪತ್ರೆಯ ಚಾದರ, ಹೋಟೆಲಿನ ಟವೆಲು, ಊರಿನವರ ಕೋಟು. ದೊಡ್ಡಮ್ಮ ಇನ್ನೂ ಕುಂಟುತ್ತ ತಿರುಗುತ್ತಲೇ ಇದ್ದಳು. ಗುಂಡಿಗೆ ಯಾವುದಕ್ಕೂ ಕೊರತೆ ಇರಲಿಲ್ಲ, ಅವಳು ಗೊಣಗುವ ಸ್ವಭಾವದವಳೂ ಅಲ್ಲ. ಒಂದೇ ಒಂದು ವಿಚಿತ್ರವಿತ್ತು. ಎಲ್ಲರೂ ಹಾಡಿಗೆ ಚಪ್ಪಾಳೆ ತಟ್ಟುವಾಗ ಅವಳು ಕೈಕಟ್ಟಿ ಕೂರುತ್ತಿದ್ದಳು. ಕೇಳಿದವರಿಗೆ ಭುಜ ನೋವು ಎನ್ನುತ್ತಿದ್ದಳು.

ಅಕ್ಕನಿಗೆ ನಿವೃತ್ತಿಯ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಅವಳು ಲಾಂಡ್ರಿಯ ಬಾಗಿಲನ್ನು, ಅಷ್ಟು ವರ್ಷವಾದರೂ ಬುದ್ಧಿ ಬರದೆ, ತಳ್ಳಿ, ಆಮೇಲೆ ಎಳೆದು ಒಳಗೆ ಬಂದಳು. ನಿಲ್ದಾಣದವರು ಬೀಳ್ಕೊಡುಗೆ ಇಟ್ಟುಕೊಂಡಿದ್ದಾರೆ, ಏನು ಆಸೆ ಎಂದು ಕೇಳಿದರು, ನಮ್ಮ ಬ್ಯಾಂಡು ಹಾಡಬೇಕು ಅಂದುಬಿಟ್ಟೆ ಎಂದಳು. ದವಡೆಗೂ ಲಿಫ್ಟಣ್ಣನಿಗೂ ಆಗಲೇ ಹೇಳಿಯಾಗಿತ್ತು. ಇಬ್ಬರೂ ಕುಣಿದಾಡುತ್ತಿದ್ದಾರಂತೆ.

ಗುಂಡಿ ಆಸ್ಪತ್ರೆಯ ಚಾದರ ಬಹಳ ಬಂದಿವೆ ಎಂದಳು. ಭುಜದ ನೋವು ತೆಗೆದಳು. ವಯಸ್ಸಿನ ಮಾತು ತೆಗೆದಳು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಕೌಂಟರಿನ ಮೇಲೆ ಎರಡೂ ಮೊಣಕೈ ಊರಿದಳು.

“ಇಷ್ಟು ವರ್ಷ ಬೇರೆಯವರ ಬಸ್ಸು ಕೂಗಿದೀನಿ. ಒಂದಿನ ನನ್ನ ಹಾಡು ಕೂಗ್ಬೇಕು ಅಂತ ಆಸೆ. ನಿಂಗೆ ಅಷ್ಟು ಕಷ್ಟ ಆದ್ರೆ ಡ್ರಮ್ಮಿಗೆ ಬೇರೆ ಯಾರನ್ನಾದ್ರೂ ಕರೀಲಾ?”

“ಬೇಡ,” ಎಂದಳು ಗುಂಡಿ.

ಬಾಯಿಂದ ಮಾತು ಹೊರಟಾದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಜಾಗ ಕೆಟ್ಟದ್ದಾಗಿದ್ದರೂ ತನ್ನದು. ಅಲ್ಲಿ ಇನ್ನೊಬ್ಬರು ಕೂತು ಚೆನ್ನಾಗಿ ಬಾರಿಸುವುದನ್ನು ನೋಡುವುದಕ್ಕಿಂತ ತಾನೇ ಕೂತು ಇನ್ನೊಮ್ಮೆ ಮುಳುಗುವುದು ಮೇಲು. ಅದೂ ಅಲ್ಲದೆ, ಅಕ್ಕ ಅಂದು ಹೇಳಿದ ಮಾತು ನಿಜವೋ ಸುಳ್ಳೋ ಎಂಬುದನ್ನು ಸಾಯುವುದರೊಳಗೆ ಒಂದು ಸಲ ತಿಳಿದುಕೊಳ್ಳಬೇಕೆಂಬ ಆಸೆ ಅವಳೊಳಗೆ ಎಲ್ಲೋ ಅಡಗಿ ಕೂತಿತ್ತು. ಅದು ಅವಳಿಗೆ ಆಗಲೇ ಗೊತ್ತಾದದ್ದು.

ರಜೆಯ ದಿನ ಮಧ್ಯಾಹ್ನ ನಾಲ್ವರೂ ಮೆಟ್ಟಿಲಿಳಿದರು, ಈ ಸಲ ಗೋಡೆ ಹಿಡಿದುಕೊಂಡು. ಆಸ್ಪತ್ರೆಯ ಚಾದರಗಳನ್ನು ಮರುದಿನವೇ ಕೊಡಬೇಕಿದ್ದರಿಂದ ದೊಡ್ಡಮ್ಮ ತಿರುಗುತ್ತಿದ್ದಳು. ಗುಂಡಿ ಡಬ್ಬಗಳನ್ನು ಬೋರಲು ಹಾಕಿ ಕೂತಳು. ದವಡೆ ತಂತಿ ಮೀಟಿದ, ಅಕ್ಕ ಕಣ್ಣು ಮುಚ್ಚಿದಳು.

ಹಾಡು ಎದ್ದು ನಿಂತಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಎರಡನೆಯ ಸಾಲು ದಾಟಿತ್ತು. ಮೂರನೆಯದೂ ದಾಟಿತು. ಅಕ್ಕನ ದನಿ ಮೊದಲಿಗಿಂತ ಒರಟಾಗಿತ್ತು, ಅದಕ್ಕೇ ಇನ್ನೂ ಚೆನ್ನಾಗಿತ್ತು. ಗುಂಡಿಯ ಕೈ ಹಳೆಯ ಕಾಲದಂತೆ ತಾನಾಗಿ ಓಡುತ್ತಿತ್ತು, ಬೆನ್ನು ಝುಮ್ಮೆಂದಿತು. ಇಷ್ಟು ವರ್ಷ ಸುಮ್ಮನೆ ಹೆದರಿದೆನಲ್ಲ ಎಂದು ಅವಳಿಗೆ ನಗು ಬಂತು.

ಅಷ್ಟರಲ್ಲಿ ದೊಡ್ಡಮ್ಮನ ಒಗೆತ ಮುಗಿಯಿತು. ಅವಳು ನಿಂತು, ಗೊರಗೊರ ಎಂದು ನೀರು ಬಿಡತೊಡಗಿದಳು. ನಾಲ್ಕು ಸಾಲು ಹಾಡುವಷ್ಟರಲ್ಲಿ ದವಡೆ ಮುಂದೆ ಓಡಿದ್ದ, ಲಿಫ್ಟಣ್ಣ ಹಿಂದೆ ಉಳಿದಿದ್ದ, ಅಕ್ಕ ಮುಗ್ಗರಿಸಿ ನಿಂತಿದ್ದಳು. ಥೇಟು ಸೈಕಲ್ ಕಾರ್ಖಾನೆ. ಇನ್ನೊಮ್ಮೆ ಶುರು ಮಾಡಿದರು, ಇನ್ನೊಮ್ಮೆ ಬಿದ್ದರು. ಗುಂಡಿ ಯಾರ ಮುಖವನ್ನೂ ನೋಡದೆ ಎದ್ದು, ಬೇರೆ ಚಾದರಗಳನ್ನು ತುಂಬಿ, ಸ್ವಿಚ್ಚು ಒತ್ತಿದಳು. ಕೆಲಸವಾದರೂ ಸಾಗಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ದೊಡ್ಡಮ್ಮ ತಿರುಗಿದಳು. ದವಡೆ ಬೇಸರಕ್ಕೆ ಸುಮ್ಮನೆ ತಂತಿ ಮೀಟಿದ, ಲಿಫ್ಟಣ್ಣ ಸೇರಿಕೊಂಡ, ಹಾಡು ತಾನಾಗಿ ಎದ್ದು ಹಳಿಯ ಮೇಲೆ ನಿಂತಿತು.

ಲಿಫ್ಟಣ್ಣ ಬಾರಿಸುವುದನ್ನು ನಿಲ್ಲಿಸಿದ. ಯಂತ್ರದ ಹತ್ತಿರ ಹೋಗಿ, ಲಿಫ್ಟಿನ ಬಾಗಿಲಿಗೆ ಕಿವಿಗೊಡುವಂತೆ ಅದಕ್ಕೆ ಕಿವಿಗೊಟ್ಟು, ಬೆರಳಿನಿಂದ ಗಾಳಿಯಲ್ಲಿ ತಟ್ಟಿದ. ಮೂರು, ಆಮೇಲೆ ತಡವಾಗಿ ಒಂದು.

“ಅಯ್ಯೋ ರಾಮ, ನಮ್ಮ ಬ್ಯಾಂಡಿನ ಡ್ರಮ್ಮರು ಇವಳು ಕಣ್ರೋ,” ಎಂದ. “ಅವಳು ಹಾಕಿದ ಹೆಜ್ಜೆಗೆ ನಾವು ನಾಲ್ಕೂ ಜನ ಜೋತುಬಿದ್ದಿದ್ವಿ. ಕ್ಯಾಂಟೀನಿಗೆ ನಮ್ಮನ್ನ ಕರ್ಕೊಂಡು ಹೋದ್ರು, ಇವಳನ್ನ ಯಾರು ಕರೆದ್ರು?”

ದವಡೆ ಸೆಟ್ಟು ಕಳಚಿ ಬೀಳುವಂತೆ ನಕ್ಕ. ಅಪ್ಪನ ಷರತ್ತು ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ದೊಡ್ಡಮ್ಮ ಇಲ್ಲದೆ ಅವರು ಕ್ಯಾಂಟೀನಿಗೆ ಮೊದಲು ಒಂದು ಸಲವೂ ಬಾರಿಸಿರಲೇ ಇಲ್ಲ. ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಸುಸ್ತಾಗಿ ತಂಗಿಯ ಕಡೆ ನೋಡಿ ನಗು ನಿಲ್ಲಿಸಿದಳು.

ಗುಂಡಿಯೂ ನಕ್ಕಿದ್ದಳು. ಆದರೆ ತಾನು ಸೋತದ್ದು ಒಂದು ದಿನ ಮಾತ್ರ ಎಂದು ಇಷ್ಟು ವರ್ಷ ನಂಬಿದ್ದಳು. ಅದಕ್ಕೂ ಮೊದಲಿನ ಆ ಚಳಿಗಾಲವಾದರೂ ತನ್ನದಾಗಿತ್ತು. ಈಗ ನೋಡಿದರೆ ಅದೂ ಇಲ್ಲ. ಕೈ ತಾನಾಗಿ ಓಡಿದ್ದಲ್ಲ, ಮೆಷಿನ್ನು ಓಡಿಸಿದ್ದು. ಹಾಗಾದರೆ ಅಕ್ಕ ಹೇಳಿದ್ದು ನಿಜವೇ, ಇಲ್ಲ ಎಂದರೆ ಇಲ್ಲ.

ಲಿಫ್ಟಣ್ಣ ಆಗಲೇ ಉಪಾಯ ಹೂಡಿದ್ದ. ಜೇಬಿನಿಂದ ಮೊಬೈಲು ತೆಗೆದು ದೊಡ್ಡಮ್ಮನ ಮುಂದೆ ಹಿಡಿದು ಒಂದು ಇಡೀ ಒಗೆತವನ್ನು ರೆಕಾರ್ಡು ಮಾಡಿಕೊಂಡ. ಬೀಳ್ಕೊಡುಗೆಯ ದಿನ ಅದನ್ನು ನಿಲ್ದಾಣದ ಸ್ಪೀಕರಿಗೆ ಜೋಡಿಸುವುದು, ಅದರ ಜೊತೆ ಬಾರಿಸುವುದು. ದೊಡ್ಡಮ್ಮ ಇದ್ದಲ್ಲೇ ಇರುತ್ತಾಳೆ, ಸದ್ದು ಮಾತ್ರ ಬರುತ್ತದೆ. ಎಲ್ಲರೂ ಭೇಷ್ ಎಂದರು. ಗುಂಡಿಯೂ ಭೇಷ್ ಎಂದಳು.

ಸಂಜೆ ಮನೆಯಲ್ಲಿ ಹಿಟ್ಟು ನಾದುತ್ತ ಗಂಡನಿಗೆ ಎಲ್ಲ ಹೇಳಿದಳು. ಅವನು ಮಾತು ಕಡಿಮೆಯ ಮನುಷ್ಯ. ಇಡೀ ದಿನ ಗಾಜು ಉಜ್ಜಿ ಉಜ್ಜಿ, ಸಣ್ಣ ಗೀರನ್ನೂ ಗಮನಿಸುವ ಅಭ್ಯಾಸ.

“ನಿನ್ನ ಹಿಟ್ಟೂ ಹಾಗೇ ಅಲ್ವೇನೇ?” ಎಂದ. “ಮೂರು ಗುದ್ದು, ನಾಲ್ಕನೇದು ತಡ. ಮದುವೆಯಾದಾಗಿಂದ ಕೇಳ್ತಿದೀನಿ. ಸಿಟ್ಟು ಬಂದಾಗ ಮಾತ್ರ ನಾಲ್ಕೂ ಒಂದೇ ಸಮ ಬೀಳುತ್ತೆ. ಆವಾಗ ನಾನು ಬೇಗ ಕೆಲಸಕ್ಕೆ ಹೊರಟುಬಿಡ್ತೀನಿ.”

“ಸುಮ್ನಿರ್ರೀ, ಸಮಾಧಾನಕ್ಕೆ ಏನೇನೋ ಹೇಳ್ಬೇಡಿ,” ಎಂದು ಅವಳು ಅವನನ್ನು ಗದರಿಸಿದಳು.

ಮರುದಿನ ಹಿಟ್ಟು ನಾದುವಾಗ ಕಿವಿ ನೆಟ್ಟಗೆ ಮಾಡಿಕೊಂಡು ತನ್ನ ಕೈಯನ್ನೇ ಗಮನಿಸಿದಳು. ನಾಲ್ಕೂ ಗುದ್ದು ಒಂದೇ ಸಮನೆ ಬಿದ್ದವು. ಒಳಗಿನ ಕೋಣೆಯಲ್ಲಿದ್ದ ಗಂಡ ಅದನ್ನು ಕೇಳಿ ಗಾಬರಿಯಾಗಿ ಚಪ್ಪಲಿ ಹಾಕಿಕೊಂಡ.

ಬೀಳ್ಕೊಡುಗೆ ನಡೆದದ್ದು ನಿಲ್ದಾಣದಲ್ಲಿ ಪ್ರಯಾಣಿಕರು ಕಾಯುವ ಹಾಲ್‌ನಲ್ಲಿ, ಮಧ್ಯಾಹ್ನ ಬಸ್ಸುಗಳು ಕಡಿಮೆ ಇರುವ ಹೊತ್ತಿನಲ್ಲಿ. ಒಂದು ಮೂಲೆಯಲ್ಲಿ ಕುರ್ಚಿಗಳು, ಡ್ರೈವರುಗಳು, ಕಂಡಕ್ಟರುಗಳು, ಟಿಕೆಟ್ ಕೌಂಟರಿನವರು. ಅವರ ಹಿಂದೆ ಚೀಲ ತಬ್ಬಿಕೊಂಡು, ಇದೇನು ನಡೆಯುತ್ತಿದೆ ಎಂದು ಇಣುಕುವ ಪ್ರಯಾಣಿಕರು. ಪಕ್ಕದಲ್ಲೇ ಅಕ್ಕ ಇಷ್ಟು ವರ್ಷ ಕೂತಿದ್ದ ಗಾಜಿನ ಕೋಣೆ. ಅದರೊಳಗೆ ಅವಳ ಜಾಗಕ್ಕೆ ಬಂದ ಹುಡುಗಿ. ಕಾರ್ಯಕ್ರಮದ ಕೊನೆಗೆ ಅಕ್ಕ ಒಳಗೆ ಹೋಗಿ ತನ್ನ ಕಡೆಯ ಬಸ್ಸನ್ನು ಕೂಗುವುದೆಂದು ಮ್ಯಾನೇಜರು ಏರ್ಪಾಡು ಮಾಡಿದ್ದರು.

ಗುಂಡಿ ಈ ಸಲ ಬಾಡಿಗೆ ಡ್ರಮ್ಮು ಬೇಡವೆಂದು ಡಬ್ಬಗಳನ್ನೇ ತಂದಿದ್ದಳು. ಮರ್ಯಾದೆ ಹೋಗುವುದಿದ್ದರೆ ನಮ್ಮ ಸಾಮಾನಿನ ಜೊತೆಯೇ ಹೋಗಲಿ ಎಂಬುದು ಅವಳ ವಿಚಾರ. ಅಕ್ಕನ ಮೈಕನ್ನೂ ಲಿಫ್ಟಣ್ಣನ ಮೊಬೈಲನ್ನೂ ನಿಲ್ದಾಣದ ಸ್ಪೀಕರಿಗೆ ಜೋಡಿಸಿದರು. ಹಾಲಿನ ಮೂಲೆಮೂಲೆಯಿಂದ ದೊಡ್ಡಮ್ಮನ ಹೆಜ್ಜೆ ಕೇಳಿಸಿತು. ಧಬ್, ಧಬ್, ಧಬ್, ತಡವಾಗಿ ಧಬ್. ಪ್ರಯಾಣಿಕರೊಬ್ಬರು ಎದ್ದು, ಯಾವ ಬಸ್ಸಿನ ಇಂಜಿನ್ನು ಹೀಗೆ ಬಡಿದುಕೊಳ್ಳುತ್ತಿದೆ ಎಂದು ಹೊರಗೆ ನೋಡಿದರು.

ಹಾಡು ಶುರುವಾಯಿತು, ಹಳಿ ಹಿಡಿಯಿತು. ಅಕ್ಕ ‘ತಳ್ಳಬೇಡಿ’ ಎಂದಾಗ ಒಬ್ಬ ಡ್ರೈವರು ಜೋರಾಗಿ ಸಿಳ್ಳೆ ಹಾಕಿದ. ಎರಡನೆಯ ಸಾಲು ದಾಟಿತು, ಮೂರನೆಯದು ದಾಟಿತು. ಗುಂಡಿ ಸ್ಪೀಕರಿನ ಸದ್ದಿಗೆ ಜೀವ ಬಿಗಿಹಿಡಿದು ಅಂಟಿಕೊಂಡಿದ್ದಳು, ಮಗು ಅಮ್ಮನ ಸೆರಗು ಹಿಡಿದಂತೆ.

ಒಂದು ವಿಷಯವನ್ನು ಎಲ್ಲರೂ ಮರೆತಿದ್ದರು. ಬೇರೆಯವರು ಮರೆತರೆ ಕ್ಷಮಿಸಬಹುದು, ಅಕ್ಕ ಮರೆತದ್ದಕ್ಕೆ ಏನೆನ್ನಬೇಕೋ. ಆ ನಿಲ್ದಾಣದಲ್ಲಿ ಗಾಜಿನ ಕೋಣೆಯ ಮೈಕು ಚಾಲೂ ಆದ ಕೂಡಲೇ ಸ್ಪೀಕರಿನಲ್ಲಿರುವ ಬೇರೆ ಸದ್ದುಗಳೆಲ್ಲ ತಾವಾಗಿ ಬಾಯಿ ಮುಚ್ಚುತ್ತವೆ. ಪ್ರಕಟಣೆಯ ಮುಂದೆ ಬೇರೆ ಮಾತಿಲ್ಲ. ಅಕ್ಕ ಇಷ್ಟು ವರ್ಷ ಎಷ್ಟೋ ಹಾಡುಗಳನ್ನೂ ಭಾಷಣಗಳನ್ನೂ ಹೀಗೆ ಕತ್ತರಿಸಿದ್ದಳು, ಆದರೆ ಯಾವಾಗಲೂ ಗಾಜಿನ ಒಳಗಡೆ ಕೂತು. ಹೊರಗೆ ಏನಾಗುತ್ತದೆಂದು ಅವಳು ಕೇಳಿಸಿಕೊಂಡಿದ್ದರಲ್ಲವೇ ನೆನಪಿರುವುದು.

ಹೊಸ ಹುಡುಗಿ ಕರ್ತವ್ಯನಿಷ್ಠೆಯವಳು. ಬಸ್ಸಿನ ಹೊತ್ತಾಯಿತು, ಮೈಕು ಹಾಕಿದಳು. “ಪ್ರಯಾಣಿಕರ ಗಮನಕ್ಕೆ,” ಎಂಬ ದನಿ ಹಾಲನ್ನೆಲ್ಲ ತುಂಬಿತು. ದೊಡ್ಡಮ್ಮ ಮಾಯವಾದಳು.

ಅಕ್ಕನ ಬಾಯಿ ತಾನಾಗಿ ಮುಚ್ಚಿತು. ಪ್ರಕಟಣೆಯ ಮೇಲೆ ದನಿ ಎತ್ತುವುದು ಅವಳ ರಕ್ತದಲ್ಲೇ ಇರಲಿಲ್ಲ. ದವಡೆಯ ಬೆರಳು ತಡವರಿಸಿತು. ಲಿಫ್ಟಣ್ಣ ಕಣ್ಣು ಬಿಟ್ಟುಕೊಂಡು ಮೊಬೈಲಿನ ಕಡೆ ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ಗುಂಡಿಯನ್ನು ನೋಡಿದರು.

ಗುಂಡಿ ಹಿಡಿದುಕೊಂಡಿದ್ದ ಸೆರಗು ಕೈತಪ್ಪಿತ್ತು. ಆದರೆ ಹೆದರಿ ನಿಲ್ಲುವುದಕ್ಕೂ ಸಮಯ ಬೇಕಲ್ಲ, ಮುಂದಿನ ಪೆಟ್ಟು ಆಗಲೇ ಬಂದುಬಿಟ್ಟಿತ್ತು, ಹಾಕಿದಳು. ಅದರ ಮುಂದಿನದೂ ಬಂತು. ಹುಡುಗಿ ಬಸ್ಸಿನ ಸಂಖ್ಯೆ ಹೇಳುತ್ತಿದ್ದಳು, ದಾರಿಯ ಊರುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಗುಂಡಿಗೆ ಯಾಕೋ ನೆಲಮಾಳಿಗೆಯ ಸೋಪಿನ ವಾಸನೆ ನೆನಪಾಯಿತು. ಮೆಟ್ಟಿಲಿಳಿಯುವ ತನ್ನ ಕಾಲು, ಚಾದರ ಮಡಿಸುವ ತನ್ನ ಕೈ, ಬೆಳಗಿನ ಹಿಟ್ಟು. ಅವಳು ಲೆಕ್ಕ ಹಾಕಲಿಲ್ಲ. ದಿನದ ಕೆಲಸ ಮಾಡುವಂತೆ ಮಾಡಿದಳು, ಮೂರು ಹಾಕಿ, ನಾಲ್ಕನೆಯದಕ್ಕೆ ಒಂಚೂರು ಕಾದು. ಲಿಫ್ಟಣ್ಣ ಮೆಲ್ಲಗೆ ಅವಳ ಪಕ್ಕಕ್ಕೆ ಬಂದು ಸೇರಿಕೊಂಡ. ದವಡೆ ಸೇರಿಕೊಂಡ.

ಹುಡುಗಿ ಓದುತ್ತಲೇ ಇದ್ದಳು. ದೂರದ ಬಸ್ಸು, ಊರುಗಳು ಮುಗಿಯುವಂತಿರಲಿಲ್ಲ. ಕೊನೆಗೂ ಪ್ಲಾಟ್‌ಫಾರ್ಮು ಯಾವುದೆಂದು ಹೇಳಿ ಮೈಕು ಆರಿಸಿದಳು.

ಸ್ಪೀಕರಿನಲ್ಲಿ ದೊಡ್ಡಮ್ಮ ವಾಪಸು ಬಂದಳು. ಬಂದ ಮೊದಲ ಹೆಜ್ಜೆ ಗುಂಡಿಯ ಪೆಟ್ಟಿನ ಮೇಲೆ ಸರಿಯಾಗಿ ಬಿತ್ತು. ಎರಡನೆಯದೂ, ಮೂರನೆಯದೂ. ನಾಲ್ಕನೆಯದಕ್ಕೆ ಇಬ್ಬರೂ ಒಟ್ಟಿಗೆ ತಡಮಾಡಿದರು.

ಅಕ್ಕ ಹಾಡಲು ಮತ್ತೆ ತೆರೆದ ಬಾಯಿ ಹಾಗೇ ಇತ್ತು. ಅವಳು ಹಿಂತಿರುಗಿ ತಂಗಿಯನ್ನು ನೋಡಿದಳು, ಅಂದು ಕ್ಯಾಂಟೀನಿನಲ್ಲಿ ನೋಡಿದಂತೆಯೇ. ಗುಂಡಿ ಈ ಸಲ ಕಣ್ಣು ತಗ್ಗಿಸಲಿಲ್ಲ. ಅಕ್ಕ ಮುಂದಕ್ಕೆ ತಿರುಗಿ ‘ಎಳೆಯಿರಿ’ ಎಂದು ಎಳೆದಳು ನೋಡಿ, ಹಾಲ್‌ನ ಗಾಜುಗಳು ಗಡಗಡ ಅಂದವು.

ಹಾಡು ಮುಗಿಯಿತು. ಪೂರ್ತಿ ಮುಗಿಯಿತು. ‘ನೀಲಿ ನೊರೆ’ಯ ಚರಿತ್ರೆಯಲ್ಲಿ ಜನರ ಮುಂದೆ ಒಂದು ಹಾಡು ಮುಗಿದದ್ದು ಅದೇ ಮೊದಲು. ಚಪ್ಪಾಳೆ ಬಿತ್ತು, ಕನಿಕರದ್ದಲ್ಲ. ಹೊಸ ಹುಡುಗಿ ಅಳುಮುಖ ಮಾಡಿಕೊಂಡು ಗಾಜಿನ ಕೋಣೆಯಿಂದ ಓಡಿಬಂದು ಕ್ಷಮೆ ಕೇಳತೊಡಗಿದಳು. ಅಕ್ಕ ಅವಳ ಗಲ್ಲ ತಟ್ಟಿ, ನೀನು ಮಾಡಿದ್ದೇ ಸರಿ ಎಂದು ಹೇಳಿ, ತನ್ನ ಕಡೆಯ ಬಸ್ಸನ್ನು ಕೂಗಲು ತಾನೇ ಒಳಗೆ ಹೋದಳು. ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ವರ್ಷದ ಅಭ್ಯಾಸದಂತೆ ಒಮ್ಮೆ ಗಂಟಲು ಸರಿಮಾಡಿಕೊಂಡಳು.

ಬಸ್ಸಿನ ಸಂಖ್ಯೆ ಹೇಳಿದಳು, ಊರು ಹೇಳಿದಳು, ಪ್ಲಾಟ್‌ಫಾರ್ಮು ಹೇಳಿದಳು. ಎಲ್ಲರೂ ಚಪ್ಪಾಳೆಗೆ ಕೈಯೆತ್ತಿದರು. ಅವಳು ಮೈಕು ಆರಿಸಲಿಲ್ಲ.

“ಪ್ರಯಾಣಿಕರ ಗಮನಕ್ಕೆ,” ಎಂದಳು ಅದೇ ದನಿಯಲ್ಲಿ, ಒಂದು ಅಕ್ಷರವೂ ನಡುಗದಂತೆ. “ಡ್ರಮ್ಮರ್ ಗುಂಡಿ ಅವರ ಕೈಗೆ ತಾಳ ಇಲ್ಲವೆಂದು ಹಿಂದೊಮ್ಮೆ ಪ್ರಕಟಿಸಲಾಗಿತ್ತು. ಆ ಪ್ರಕಟಣೆ ತಪ್ಪಾಗಿತ್ತು. ತಾಳ ಇದೆ. ತಡವಾಗಿ ತಿಳಿಸಿದ್ದಕ್ಕೆ, ಮತ್ತು ಇಷ್ಟು ವರ್ಷ ಉಂಟಾದ ಅನಾನುಕೂಲಕ್ಕೆ, ವಿಷಾದಿಸುತ್ತೇವೆ.”

ನಿಲ್ದಾಣದ ಎಲ್ಲ ಪ್ಲಾಟ್‌ಫಾರ್ಮುಗಳಲ್ಲೂ, ಶೌಚಾಲಯದ ಮುಂದೆಯೂ, ಪಾರ್ಕಿಂಗಿನ ಕೊನೆಯವರೆಗೂ ಆ ಮಾತು ಕೇಳಿಸಿತು. ಚೀಲ ಹೊತ್ತವರೊಬ್ಬರು ಪಕ್ಕದವರನ್ನು, ಯಾವ ಬಸ್ಸು ಅಂದರು, ಎಂದು ಕೇಳಿದರು. ಪಕ್ಕದವರಿಗೂ ತಿಳಿದಿರಲಿಲ್ಲ.

ಗುಂಡಿ ಡಬ್ಬದ ಮೇಲೆ ಹಾಸಿದ್ದ ಟವೆಲು ತೆಗೆದು ಮುಖ ಒರೆಸಿಕೊಂಡಳು. ಅಳು ಬಂದಿತ್ತು, ಬಂದದ್ದನ್ನು ಅವಳು ತಡೆಯಲೂ ಹೋಗಲಿಲ್ಲ. ಕುರ್ಚಿಯ ಸಾಲಿನಲ್ಲಿ ಕೂತಿದ್ದ ಗಂಡ ಸುಮ್ಮನೆ ತೊಡೆಯ ಮೇಲೆ ಬೆರಳಿನಿಂದ ಮೂರು ತಟ್ಟಿ, ತಡವಾಗಿ ಇನ್ನೊಂದು ತಟ್ಟಿ ತೋರಿಸಿದ.

ಡ್ರೈವರುಗಳು ಇನ್ನೊಂದು ಹಾಡು ಎಂದು ಗಲಾಟೆ ಎಬ್ಬಿಸಿದರು. ಅಕ್ಕ ಗಾಜಿನ ಕೋಣೆಯಿಂದ ಹೊರಗೆ ಬಂದು ಮೈಕು ಕೈಗೆತ್ತಿಕೊಂಡಳು. ಲಿಫ್ಟಣ್ಣ ಮೊಬೈಲಿನ ಮೇಲೆ ಬಾಗಿ, ರೆಕಾರ್ಡನ್ನು ಮೊದಲಿಂದ ಹಚ್ಚಲೇ ಎಂದು ಕೇಳಿದ.

“ಬೇಡ ಲಿಫ್ಟಣ್ಣ,” ಎಂದಳು ಗುಂಡಿ. “ದೊಡ್ಡಮ್ಮಂಗೂ ವಯಸ್ಸಾಯ್ತು. ಮಲಗ್ಲಿ ಬಿಡಿ.”

ಲಿಫ್ಟಣ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅವಳು ಟವೆಲನ್ನು ಮತ್ತೆ ಡಬ್ಬದ ಮೇಲೆ ನೀಟಾಗಿ ಹಾಸಿ, ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು, ಮೂರು ಪೆಟ್ಟು ಹಾಕಿದಳು. ಅಕ್ಕ ಅವಳ ಕಡೆಗೇ ನೋಡುತ್ತ ನಾಲ್ಕನೆಯದಕ್ಕಾಗಿ ಕಾದಳು.